ಬೊಜ್ಜು, ಕರುಳು ಮತ್ತು ಬಿಸಿಲಿನ ಸತ್ವ

ಶರೀರಕ್ಕೆ ಒದಗುವ ಕೇಡುಗಳಲ್ಲಿ ಎರಡು ಬಗೆಯುಂಟು. ಚಳಿಜ್ವರ, ವಾಂತಿ, ಭೇದಿ ಮೊದಲಾದುವು ಕದವನ್ನು ಬಡಿದು, ಮನೆಯವರೆಲ್ಲರನ್ನೂ ಎಬ್ಬಿಸಿ ಒಳಹೊಗುವಂಥವು. ಅವು ಬಂದ ದಿನವೇ ನಾವು ವೈದ್ಯರಲ್ಲಿಗೆ ಓಡುತ್ತೇವೆ. ಎರಡನೆಯ ಬಗೆಯವು ಗೆದ್ದಲಿನಂತೆ ಸದ್ದಿಲ್ಲದೆ ಬಂದು, ಕಂಬದ ಮೇಲಣ ಬಣ್ಣಕ್ಕೆ ಕುಂದು ತಾರದೆ, ಒಳಗಣ ತಿರುಳನ್ನೇ ತಿಂದುಬಿಡುವಂಥವು. ಬೊಜ್ಜು ಈ ಎರಡನೆಯ ಬಗೆಗೆ ಸೇರಿದುದು. ಆದರೆ ನಮ್ಮವರಲ್ಲಿ ಅದನ್ನು ಕೇಡೆಂದು ಎಣಿಸುವ ವಾಡಿಕೆಯೇ ಕಡಮೆ. ಮಗು ದುಂಡುದುಂಡಗೆ ಇದ್ದರೆ ತಾಯಿಗೆ ಹೆಮ್ಮೆ. ಯಜಮಾನನ ಹೊಟ್ಟೆ ಮುಂದಕ್ಕೆ ಬಂದರೆ ಅದು ಅನುಕೂಲಸ್ಥಿತಿಯ ಗುರುತು. ಗೃಹಿಣಿಯು ಮೈತುಂಬಿಕೊಂಡರೆ "ಸುಖವಾಗಿದ್ದಾಳೆ" ಎಂಬ ಮಾತು.

ನಮ್ಮ ಪೂರ್ವಿಕರಾದರೋ ಹೀಗೆ ತಿಳಿದವರಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಎಂಟು ಬಗೆಯ ನಿಂದ್ಯ ಶರೀರಗಳನ್ನು ಎಣಿಸಿ, ಅವುಗಳಲ್ಲಿ ಅತಿಸ್ಥೂಲ, ಅತಿಕೃಶ ಎಂಬ ಎರಡನ್ನು ವಿಶೇಷವಾಗಿ ವಿಚಾರಿಸಿರುವುದುಂಟು. ಆಯುಸ್ಸಿನ ಹ್ರಾಸ, ಚಲನೆಗೆ ತಡೆ, ದೌರ್ಬಲ್ಯ, ಅತಿಯಾದ ಬೆವರು, ಹಸಿವು ಬಾಯಾರಿಕೆಗಳ ಹೆಚ್ಚಳ ಇವೇ ಮೊದಲಾದ ದೋಷಗಳು ಅತಿಸ್ಥೂಲನಿಗೆ ಅಂಟಿಕೊಂಡಿರುವುವೆಂದು ಅಲ್ಲಿ ಹೇಳಿದೆ. ಅಂದು ವೈದ್ಯರು ಕಣ್ಣಿನಿಂದ ಕಂಡು ಹೇಳಿದ ಸಂಗತಿಗೆ ಕಾರಣವು ಶರೀರದೊಳಗೆ ಹೇಗೆ ಕೆಲಸಮಾಡುವುದೆಂಬುದು ಈಚಿನ ಮೂವತ್ತು ನಾಲ್ವತ್ತು ವರ್ಷಗಳಲ್ಲಿ ಬೆಳಕಿಗೆ ಬಂದಿದೆ. ಆ ಕಾರಣವನ್ನು ಹುಡುಕುತ್ತ ಹೋದ ವಿದ್ವಾಂಸರು ಮೊದಲು ಮೇದಸ್ಸಿಗೂ, ಅಲ್ಲಿಂದ ಕರುಳಿಗೂ, ಕರುಳಿನಿಂದ ಬಿಸಿಲಿಗೂ ಬಂದು ನಿಂತಿರುವರು. ಈ ಮೂರಕ್ಕೂ ಇರುವ ಸಂಬಂಧವನ್ನು ಗೃಹಸ್ಥರು ತಿಳಿದಿರುವುದು ಅವಶ್ಯವಾದುದರಿಂದ ಇಲ್ಲಿ ಅದನ್ನು ಆದಷ್ಟು ಸುಲಭವಾಗಿ ವಿವರಿಸಲು ಯತ್ನಿಸುವೆವು.

ನಮ್ಮ ದೇಶದ ಸ್ಥಿತಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇಕಡ 11.4 ಮಂದಿಗೆ, ಎಂದರೆ ಹತ್ತು ಕೋಟಿಗೂ ಮೇಲ್ಪಟ್ಟ ಜನಕ್ಕೆ, ಸಕ್ಕರೆ ಕಾಯಿಲೆಯುಂಟು. ಹೊಟ್ಟೆಯ ಸುತ್ತ ಬೊಜ್ಜು ಶೇಖರವಾದವರು ಶೇಕಡ 39.5. ಇಷ್ಟೊಂದು ಜನ ನೋಟಕ್ಕೆ ಸ್ಥೂಲರಾಗಿರುವುದಿಲ್ಲವಲ್ಲಾ ಎಂದು ವಾಚಕರು ಕೇಳಬಹುದು. ಅದೇ ನಮ್ಮ ಜನರ ವಿಶೇಷ. 2004ರಲ್ಲಿ ಪುಣೆಯ ಡಾಕ್ಟರ್ ಯಾಜ್ಞಿಕರೂ ಇಂಗ್ಲೆಂಡಿನ ಡಾಕ್ಟರ್ ಯುಡ್ಕಿನ್ನರೂ ತಮ್ಮಿಬ್ಬರ ಚಿತ್ರವನ್ನೇ ಒಂದು ವೈದ್ಯಪತ್ರಿಕೆಯಲ್ಲಿ ಅಚ್ಚುಹಾಕಿಸಿದರು. ಎತ್ತರಕ್ಕೆ ತಕ್ಕ ತೂಕವನ್ನು ಲೆಕ್ಕಹಾಕಿದರೆ ಇಬ್ಬರದೂ ಒಂದೇ ಅಂಕ, 22.3. ಆದರೆ ಶರೀರದಲ್ಲಿನ ಕೊಬ್ಬನ್ನು ಅಳೆದಾಗ ಆಂಗ್ಲರಲ್ಲಿ ಅದು ಶೇಕಡ 9.1, ನಮ್ಮವರಲ್ಲಿ 21.2. ಹೊರಗೆ ಸಪೂರ, ಒಳಗೆ ಮೇದಸ್ಸು. ಆದಕಾರಣ ತಕ್ಕಡಿಯೊಂದನ್ನೇ ನಂಬುವುದು ನಮಗೆ ಸಾಲದು. ದರ್ಜಿಯ ಅಳತೆಪಟ್ಟಿಯು ಅದಕ್ಕಿಂತ ನಂಬತಕ್ಕ ಸಾಕ್ಷಿ. ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರನ್ನೂ ಹೆಂಗಸರಿಗೆ 80ನ್ನೂ ಮೀರಿದರೆ ಎಚ್ಚರಗೊಳ್ಳಬೇಕೆಂದು ನಮ್ಮ ದೇಶದ ವೈದ್ಯರು ಗೊತ್ತುಮಾಡಿರುವರು.

ಮೇದಸ್ಸಿನೊಳಗಣ ಕೆಂಡ

ಕೊಬ್ಬೆಂಬುದು ಕಣಜದಲ್ಲಿ ತುಂಬಿಟ್ಟ ಧಾನ್ಯದಂತೆ ಸುಮ್ಮನೆ ಬಿದ್ದಿರುವ ಪದಾರ್ಥವೆಂದು ಬಹುಕಾಲ ಎಲ್ಲರೂ ತಿಳಿದಿದ್ದರು. 1993ರಲ್ಲಿ ಹೊತಾಮಿಸ್ಲಿಗಿಲ್ ಮತ್ತು ಸ್ಪೀಗಲ್‌ಮನ್ ಎಂಬ ವಿದ್ವಾಂಸರು ಅಮೆರಿಕದಲ್ಲಿ ಕೊಬ್ಬಿದ ಸುಂಡಿಲಿಗಳ ಮೇದಸ್ಸನ್ನು ಪರೀಕ್ಷಿಸಿ, ಅದು ಉರಿಯೂತವನ್ನು ಹುಟ್ಟಿಸುವ ಒಂದು ದ್ರವ್ಯವನ್ನು ಸುರಿಸುತ್ತಿರುವುದನ್ನು ಕಂಡರು. ಮರುವರ್ಷವೇ, ಹೊಟ್ಟೆ ತುಂಬಿತೆಂಬ ಸುದ್ದಿಯನ್ನು ಮೆದುಳಿಗೆ ಕಳುಹುವ ಲೆಪ್ಟಿನ್ ಎಂಬ ರಸವೂ ಮೇದಸ್ಸಿನಲ್ಲಿಯೇ ಹುಟ್ಟುವುದೆಂದು ಗೊತ್ತಾಯಿತು. ಅಲ್ಲಿಗೆ ಕೊಬ್ಬು ಕಣಜವೆಂಬ ಮಾತು ಹೋಗಿ, ಶರೀರದ ಆಡಳಿತದಲ್ಲಿ ಕೈಹಾಕುವ ಒಂದು ಅಂಗವೆಂಬುದು ಸಿದ್ಧವಾಯಿತು.

ಉರಿಯೂತವು ಸ್ವತಃ ಕೆಟ್ಟುದಲ್ಲ. ಕಾಲಿಗೆ ಮುಳ್ಳು ಚುಚ್ಚಿದರೆ ಆ ಎಡೆಯು ಕೆಂಪಗೆ ಊದಿಕೊಂಡು, ಬಿಸಿಯಾಗಿ ನೋಯುವುದಷ್ಟೆ. ರಕ್ತದಲ್ಲಿ ತಿರುಗುವ ರಕ್ಷಕ ಕಣಗಳು ಅಲ್ಲಿಗೆ ಧಾವಿಸಿ ಹಗೆಯನ್ನು ಸುಡುವುದಕ್ಕಾಗಿ ಹಚ್ಚಿದ ಬೆಂಕಿ ಅದು, ಕೆಲಸವಾದೊಡನೆ ಆರುವುದು. ಆದರೆ ಮೇದಸ್ಸಿನ ಕೋಶಗಳು ತಮ್ಮ ಅಳತೆಯನ್ನು ಮೀರಿ ಉಬ್ಬಿ, ಉಸಿರಾಡಲು ಎಡೆಯಿಲ್ಲದೆ ಸಾಯತೊಡಗಿದಾಗ, ರಕ್ಷಕ ಕಣಗಳು ಅಲ್ಲಿಗೂ ಬಂದು ಮುತ್ತುವುವು. 2003ರಲ್ಲಿ ಇದು ಸ್ಪಷ್ಟವಾಗಿ ಕಂಡುಬಂದಿತು. ಇಲ್ಲಿ ಹೊರಗಣ ಹಗೆಯೇ ಇಲ್ಲವಾದುದರಿಂದ ಯುದ್ಧಕ್ಕೆ ಕೊನೆಯೂ ಇಲ್ಲ. ಬೂದಿ ಮುಚ್ಚಿದ ಕೆಂಡದಂತೆ ಬೆಂಕಿಯು ನೋವು ತೋರದೆ ವರ್ಷಗಟ್ಟಲೆ ಇರುವುದು. ಸಕ್ಕರೆಯನ್ನು ಜೀವಕೋಶಗಳೊಳಕ್ಕೆ ಬಿಡಿರೆಂದು ಇನ್ಸುಲಿನ್ ಎಂಬ ರಸವು ಕೊಡುವ ಅಪ್ಪಣೆಯು ಈ ಹೊಗೆಯಲ್ಲಿ ಕೇಳಿಸದೆ ಹೋಗುವುದು. ರಕ್ತದಲ್ಲಿ ಸಕ್ಕರೆಯು ನಿಲ್ಲುವುದು, ಈಲಿಯಲ್ಲಿ ಕೊಬ್ಬು ಸೇರುವುದು, ರಕ್ತನಾಳಗಳು ಗಡುಸಾಗುವುದು ಇವೆಲ್ಲಕ್ಕೂ ಆ ಕೆಂಡವು ಸಹಾಯಮಾಡುವುದು.

ಕರುಳೆಂಬ ಕೋಟೆ

ಈ ಬೆಂಕಿಗೆ ಸೌದೆಯು ಮೇದಸ್ಸಿನಿಂದ ಮಾತ್ರವೇ ಬರುವುದಿಲ್ಲ. ಕರುಳಿನಿಂದಲೂ ಬರುವುದೆಂಬುದು ಮುಂದಿನ ಹೆಜ್ಜೆ. ನಾವು ಉಣ್ಣುವ ಅನ್ನವು ಹೊಟ್ಟೆಯೊಳಕ್ಕೆ ಹೋದರೂ, ಕರುಳಿನ ಗೋಡೆಯನ್ನು ದಾಟುವವರೆಗೆ ಅದು ಶರೀರಕ್ಕೆ ಸೇರಿದುದಲ್ಲ. ಆ ಗೋಡೆಯ ಮಡಿಕೆಗಳನ್ನೆಲ್ಲ ಬಿಡಿಸಿ ಹಾಸಿದರೆ ಮೂವತ್ತು ಚದರ ಮೀಟರಿಗೂ ಸ್ವಲ್ಪ ಮೇಲಾಗುವುದೆಂದು 2014ರಲ್ಲಿ ಸ್ವೀಡನ್ ದೇಶದ ವಿದ್ವಾಂಸರು ಲೆಕ್ಕಹಾಕಿರುವರು. ಇಷ್ಟು ವಿಸ್ತಾರವಾದ ಗೋಡೆಯ ದಪ್ಪವಾದರೋ ಒಂದೇ ಸಾಲಿನ ಜೀವಕೋಶಗಳು. ಅವೂ ನಾಲ್ಕೈದು ದಿನಗಳಿಗೊಮ್ಮೆ ಸತ್ತು ಉದುರಿ ಹೊಸವು ಬರುವುವು. ಅನ್ನದ ಸಾರವು ಒಳಕ್ಕೆ ಬರಬೇಕಾದರೆ ಗೋಡೆಯು ತೆಳ್ಳಗಿರಲೇಬೇಕು. ವಿಷಕ್ರಿಮಿಗಳು ಬಾರದಿರಬೇಕಾದರೆ ಅದು ಭದ್ರವಾಗಿಯೂ ಇರಬೇಕು.

ಏಕೆಂದರೆ ಗೋಡೆಯ ಆಚೆಗಿರುವ ಜನಸಂಖ್ಯೆ ಸಾಮಾನ್ಯವಲ್ಲ. ಒಬ್ಬ ಮನುಷ್ಯನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಗಳು ವಾಸವಾಗಿರುವುವೆಂದು 2016ರಲ್ಲಿ ಎಣಿಕೆಮಾಡಿದರು. ಅವುಗಳಲ್ಲಿ ಬಹುಪಾಲು ದೊಡ್ಡ ಕರುಳಿನ ನಿವಾಸಿಗಳು. ಎಲ್ಲವನ್ನೂ ಕೂಡಿಸಿ ತೂಗಿದರೆ ಕಾಲು ಕಿಲೋಗ್ರಾಮಿಗೂ ಕಡಮೆ. ಆದರೆ ಸಂಖ್ಯೆಯಲ್ಲಿ ನಮ್ಮ ಸ್ವಂತ ಜೀವಕೋಶಗಳಿಗೆ ಹೆಚ್ಚುಕಡಮೆ ಸಮ. ಇವುಗಳಲ್ಲಿ ಹೆಚ್ಚಿನವು ಉಪಕಾರಿಗಳೇ. ನಮಗೆ ಜೀರ್ಣವಾಗದ ನಾರನ್ನು ಹುಳಿಯಿಸಿ ಅವು ಮಾಡುವ ಬ್ಯೂಟಿರಿಕ್ ಆಮ್ಲವು ದೊಡ್ಡ ಕರುಳಿನ ಗೋಡೆಗೆ ಆಹಾರವಾಗುವುದು.

ಈ ನೆರೆಹೊರೆಯನ್ನು ಹದ್ದಿನಲ್ಲಿಡುವುದಕ್ಕೆ ಪ್ರಕೃತಿಯು ಕೋಟೆಯನ್ನೇ ಕಟ್ಟಿದೆ. ಮೊದಲನೆಯದು ಲೋಳೆಯ ಅಗಳು. ಎರಡನೆಯದು ಸಣ್ಣ ಕರುಳಿನ ಬುಡದ ಕುಳಿಗಳಲ್ಲಿ ಕುಳಿತಿರುವ ಪ್ಯಾನೆತ್ ಕೋಶಗಳು. ಇವು ಡಿಫೆನ್ಸಿನ್ ಎಂಬ ಕ್ರಿಮಿನಾಶಕ ದ್ರವ್ಯವನ್ನು ಸುರಿಸುತ್ತಿರುವುವು. ಮೂರನೆಯದು ಗೋಡೆಯ ಈಚೆಗಿರುವ ರಕ್ಷಕ ಕಣಗಳ ಪಾಳೆಯ. ನಮ್ಮ ಶರೀರದ ಸೈನ್ಯದಲ್ಲಿ ಒಂದು ಪಾಲು ಕರುಳಿನ ಸುತ್ತಲೇ ಬೀಡುಬಿಟ್ಟಿರುವುದೆಂದರೆ ಆ ಗಡಿಯ ಮಹತ್ವವನ್ನು ಊಹಿಸಬಹುದು.

ಕೋಟೆಯು ಕೆಡುವ ಬಗೆಯನ್ನು ಇಲಿಗಳಲ್ಲಿ ಚೆನ್ನಾಗಿ ಪರೀಕ್ಷಿಸಿರುವರು. 2007ರಲ್ಲಿ ಕಾನಿ ಎಂಬವರೂ ಅವರ ಸಂಗಡಿಗರೂ ಇಲಿಗಳಿಗೆ ನಾಲ್ಕು ವಾರ ಬಹಳ ಜಿಡ್ಡಿನ ಆಹಾರವನ್ನು ಕೊಟ್ಟು ನೋಡಲಾಗಿ, ಬ್ಯಾಕ್ಟೀರಿಯಗಳ ಹೊರಪೊರೆಯ ವಿಷವು ರಕ್ತದಲ್ಲಿ ಎರಡು ಮೂರು ಪಾಲು ಹೆಚ್ಚಿತು. ಆ ವಿಷವನ್ನೇ ಸಾಮಾನ್ಯ ಆಹಾರವನ್ನು ತಿನ್ನುವ ಇಲಿಗಳಿಗೆ ಸ್ವಲ್ಪ ಸ್ವಲ್ಪವಾಗಿ ಕೊಟ್ಟಾಗ ಅವೂ ಕೊಬ್ಬಿದುವು. ಇನ್ಸುಲಿನ್ನಿನ ಮಾತೂ ನಡೆಯದಾಯಿತು. 2016ರ ಇನ್ನೊಂದು ಪರೀಕ್ಷೆಯಲ್ಲಿ, ನಾರಿಲ್ಲದ ಮೇವನ್ನು ತಿಂದ ಇಲಿಗಳ ಬ್ಯಾಕ್ಟೀರಿಯಗಳು ಬೇರೆ ಗತಿಯಿಲ್ಲದೆ ಲೋಳೆಯ ಪೊರೆಯನ್ನೇ ಮೇಯತೊಡಗಿದುವು. ಹಿತ್ತಲ ಹಸುವಿಗೆ ಹುಲ್ಲು ಹಾಕದಿದ್ದರೆ ಅದು ಬೇಲಿಯನ್ನೇ ತಿನ್ನುವುದಷ್ಟೆ, ಇದೂ ಹಾಗೆಯೇ.

ಬಿಸಿಲಿನಲ್ಲಿ ಹುಟ್ಟುವ ಸತ್ವ

ಇನ್ನು ಬಿಸಿಲಿನ ಮಾತು. 1650ರಲ್ಲಿ ಇಂಗ್ಲೆಂಡಿನ ಗ್ಲಿಸನ್ ಎಂಬ ವೈದ್ಯನು, ಎಳೆಯ ಮಕ್ಕಳ ಮೂಳೆಗಳು ಮೆತ್ತಗಾಗಿ ಕಾಲು ಬಾಗುವ ರಿಕೆಟ್ಸ್ ರೋಗದ ಮೇಲೆ ಗ್ರಂಥವನ್ನು ಬರೆದನು. ಈ ರೋಗವು ವಾರ್ಸಾ ನಗರದ ಮಕ್ಕಳಿಗೆ ಹೇರಳವಾಗಿಯೂ ಹಳ್ಳಿಯ ಮಕ್ಕಳಿಗೆ ವಿರಳವಾಗಿಯೂ ಇರುವುದನ್ನು ಕಂಡು, ಬಿಸಿಲೇ ಇದಕ್ಕೆ ಮದ್ದೆಂದು 1822ರಲ್ಲಿ ಪೋಲೆಂಡಿನ ಸ್ನಿಯಾಡೆಟ್ಸ್ಕಿ ಹೇಳಿದನು, ಕೇಳಿದವರು ಕಡಮೆ. ನೂರು ವರ್ಷಗಳ ತರುವಾಯ, 1919ರಲ್ಲಿ, ಲಂಡನ್ನಿನ ಮೆಲಾನ್‌ಬಿಯು ನಾಯಿಮರಿಗಳಿಗೆ ಮೀನೆಣ್ಣೆಯನ್ನು ಕೊಟ್ಟು ರೋಗವನ್ನು ತಡೆದನು. ಅದೇ ವರ್ಷ ಬರ್ಲಿನ್ನಿನ ಹುಲ್ಡ್‌ಶಿನ್‌ಸ್ಕಿಯು ಪಾದರಸದ ದೀಪದ ಬೆಳಕಿನಿಂದಲೇ ಮಕ್ಕಳನ್ನು ಗುಣಪಡಿಸಿದನು. ಎಣ್ಣೆಗೂ ಬೆಳಕಿಗೂ ಏನು ನಂಟು? 1922ರಲ್ಲಿ ಅಮೆರಿಕದ ಮೆಕಾಲಮ್ ಎಂಬವನು ಮೀನೆಣ್ಣೆಯಲ್ಲಿನ 'ಎ' ಜೀವಸತ್ವವನ್ನು ಕಾಯಿಸಿ ಕೆಡಿಸಿದ ಮೇಲೂ ಅದು ರಿಕೆಟ್ಸನ್ನು ವಾಸಿಮಾಡುವುದನ್ನು ತೋರಿಸಿ, ಒಳಗಿದ್ದ ಹೊಸ ಸತ್ವಕ್ಕೆ 'ಡಿ' ಎಂದು ಹೆಸರಿಟ್ಟನು. ನಮ್ಮ ಚರ್ಮದಲ್ಲಿರುವ ಕೊಬ್ಬಿನ ಜಾತಿಯ ಒಂದು ದ್ರವ್ಯದ ಮೇಲೆ ಸೂರ್ಯನ ನೇರಳಾತೀತ ಕಿರಣವು ಬಿದ್ದಾಗ ಇದೇ ಸತ್ವವು ಹುಟ್ಟುವುದು. ಅಲ್ಲಿಂದ ಅದು ಈಲಿಗೂ ಮೂತ್ರಪಿಂಡಕ್ಕೂ ಹೋಗಿ, ಎರಡು ಸಲ ಮಾರ್ಪಟ್ಟು, ಕೆಲಸಕ್ಕೆ ಸಿದ್ಧವಾಗುವುದು. ಅನ್ನದಲ್ಲಿ ಹುಡುಕತಕ್ಕ ಸತ್ವವೆನ್ನುವುದಕ್ಕಿಂತ ಶರೀರವು ತಾನೇ ಪಾಕಮಾಡಿಕೊಳ್ಳುವ ರಸವೆಂದರೆ ಹೆಚ್ಚು ಸರಿ.

ಅದರ ಕೆಲಸ ಮೂಳೆಗೆ ಸುಣ್ಣದ ಅಂಶವನ್ನು ಒದಗಿಸುವುದಷ್ಟೇ ಎಂದು ಬಹುಕಾಲ ಭಾವಿಸಿದ್ದರು. ಆದರೆ ರಕ್ಷಕ ಕಣಗಳಲ್ಲಿಯೂ ಕರುಳಿನ ಗೋಡೆಯಲ್ಲಿಯೂ ಅದರ ಅಪ್ಪಣೆಯನ್ನು ಕೇಳುವ ಕಿವಿಗಳಿರುವುದು ಆಮೇಲೆ ಕಂಡುಬಂದಿತು. ಕ್ಷಯದ ಕ್ರಿಮಿಯನ್ನು ಕೊಲ್ಲುವ ಒಂದು ದ್ರವ್ಯವನ್ನು ರಕ್ಷಕ ಕಣಗಳು ಈ ಸತ್ವದ ಸಹಾಯದಿಂದ ಮಾಡುವುವೆಂದು 2006ರಲ್ಲಿ ಗೊತ್ತಾಯಿತು. ಚರ್ಮದ ಕ್ಷಯವನ್ನು ಬೆಳಕಿನಿಂದ ವಾಸಿಮಾಡಿದ ಡೆನ್ಮಾರ್ಕಿನ ಫಿನ್ಸೆನ್ ಎಂಬವರಿಗೆ 1903ರಲ್ಲಿಯೇ ನೊಬೆಲ್ ಬಹುಮಾನವು ದೊರೆತಿತ್ತೆಂಬುದನ್ನು ವಾಚಕರು ಇಲ್ಲಿ ನೆನೆಯಬಹುದು. 2008ರಲ್ಲಿ, ಆ ಸತ್ವದ ಮಾತನ್ನು ಕೇಳಲಾರದಂತೆ ಹುಟ್ಟಿದ ಇಲಿಗಳ ಕರುಳಿನ ಗೋಡೆಯು ಸುಲಭವಾಗಿ ಸಡಿಲಗೊಂಡು ಹುಣ್ಣಾಗುವುದನ್ನು ಕಂಡರು. 2016ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವು ಮೂರು ಎಳೆಗಳನ್ನೂ ಒಂದೆಡೆ ಹೆಣೆದಿದೆ. ಜಿಡ್ಡಿನ ಆಹಾರವನ್ನು ತಿಂದ ಇಲಿಗಳು ಅಷ್ಟರಿಂದಲೇ ಪೂರ್ಣವಾಗಿ ರೋಗಿಗಳಾಗಲಿಲ್ಲ. ಅದರೊಡನೆ 'ಡಿ' ಸತ್ವವನ್ನೂ ತಪ್ಪಿಸಿದಾಗ ಪ್ಯಾನೆತ್ ಕೋಶಗಳ ಡಿಫೆನ್ಸಿನ್ ಬತ್ತಿ, ಕರುಳಿನ ಬ್ಯಾಕ್ಟೀರಿಯಗಳ ಸಮತೋಲವು ತಪ್ಪಿ, ಈಲಿಯಲ್ಲಿ ಕೊಬ್ಬು ತುಂಬಿ, ಸಕ್ಕರೆಯು ಏರಿತು. ಡಿಫೆನ್ಸಿನ್ನನ್ನು ಹೊರಗಿನಿಂದ ಕೊಟ್ಟಾಗ ಸ್ಥಿತಿಯು ಸುಧಾರಿಸಿತು.

ಹಾಗಾದರೆ ಗುಳಿಗೆಯಿಂದ ಬೊಜ್ಜು ಕರಗುವುದೇ?

ಇದನ್ನೋದಿದವರು ಕೂಡಲೇ ಔಷಧದ ಅಂಗಡಿಗೆ ಓಡುವ ಸಂಭವವುಂಟು. ಸ್ವಲ್ಪ ತಾಳಬೇಕು. ಇಲಿಯಲ್ಲಿ ಕಂಡುದೆಲ್ಲವೂ ಮನುಷ್ಯನಲ್ಲಿಯೂ ಹಾಗೆಯೇ ನಡೆಯಬೇಕೆಂಬ ಕಟ್ಟಳೆಯಿಲ್ಲ.

ಸ್ಥೂಲಶರೀರಿಗಳ ರಕ್ತದಲ್ಲಿ ಈ ಸತ್ವವು ಕಡಮೆಯಿರುವುದು ನಿಜ. ಕೊರತೆಯಿಂದ ಬೊಜ್ಜೋ, ಬೊಜ್ಜಿನಿಂದ ಕೊರತೆಯೋ? 2000ದಲ್ಲಿ ಅಮೆರಿಕದಲ್ಲಿ ಸ್ಥೂಲರನ್ನೂ ಸಾಧಾರಣ ಮೈಕಟ್ಟಿನವರನ್ನೂ ಒಂದೇ ಅಳತೆಯ ಕಿರಣಕ್ಕೆ ಒಡ್ಡಿ ನೋಡಿದರು. ಸ್ಥೂಲರ ರಕ್ತದಲ್ಲಿ ಸತ್ವದ ಏರಿಕೆಯು ಶೇಕಡ 57ರಷ್ಟು ಕಡಮೆಯಾಗಿತ್ತು. ಚರ್ಮವು ಮಾಡಿದುದನ್ನು ಮೇದಸ್ಸು ಹೀರಿ ಬಚ್ಚಿಟ್ಟುಕೊಳ್ಳುವುದೇ ಇದಕ್ಕೆ ಕಾರಣವೆಂದು ಎಣಿಸಿದರು. ಆ ಸತ್ವವು ಕೊಬ್ಬಿನಲ್ಲಿ ಕರಗುವಂಥದು. 2013ರಲ್ಲಿ ಸಾವಿರಾರು ಜನರ ವಂಶವಾಹಿಗಳನ್ನು ಪರಿಶೀಲಿಸಿದವರೂ ಬೊಜ್ಜೇ ಕೊರತೆಗೆ ಕಾರಣವೆಂದು ನಿರ್ಣಯಿಸಿದರು. ಕೊರತೆಯು ಬೊಜ್ಜನ್ನು ತರುವುದೆಂಬುದಕ್ಕೆ ಅವರಿಗೆ ಬಲವಾದ ಆಧಾರವು ಸಿಕ್ಕಲಿಲ್ಲ.

ಗುಳಿಗೆಯ ಪರೀಕ್ಷೆಗಳೂ ನಡೆದಿವೆ. 2019ರಲ್ಲಿ ಮುಗಿದ ಒಂದರಲ್ಲಿ, ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 2,423 ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ದಿನವೊಂದಕ್ಕೆ 4,000 ಯೂನಿಟ್ಟಿನಂತೆ ಸುಮಾರು ಎರಡೂವರೆ ವರ್ಷ ಕೊಟ್ಟರು. ಕಾಯಿಲೆಗೆ ಬಿದ್ದವರ ಸಂಖ್ಯೆಯಲ್ಲಿ ತೋರಿದ ಅಂತರವು ನಂಬತಕ್ಕಷ್ಟು ದೊಡ್ಡದಾಗಿರಲಿಲ್ಲ. ಅಮೆರಿಕದಲ್ಲಿಯೇ 25,871 ಮಂದಿಯ ಮೇಲೆ ಐದು ವರ್ಷಕ್ಕೂ ಮೀರಿ ನಡೆದು 2018ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಅರ್ಬುದವೂ ಹೃದ್ರೋಗವೂ ಗುಳಿಗೆಯಿಂದ ಕಡಮೆಯಾಗಲಿಲ್ಲ. ಆದರೆ ಅದೇ ಪರೀಕ್ಷೆಯ ಲೆಕ್ಕವನ್ನು 2022ರಲ್ಲಿ ಬೇರೊಂದು ಬಗೆಯಾಗಿ ನೋಡಿದಾಗ, ರಕ್ಷಕ ಸೈನ್ಯವು ತನ್ನ ಒಡೆಯನ ಮೇಲೆಯೇ ತಿರುಗಿ ಬೀಳುವ ರೋಗಗಳು ಗುಳಿಗೆಯನ್ನು ತಿಂದವರಲ್ಲಿ ಶೇಕಡ 22ರಷ್ಟು ಕಡಮೆಯಾಗಿದ್ದುವು. ಇದರಿಂದ ನಾವು ತಿಳಿಯತಕ್ಕುದೇನೆಂದರೆ, ಈ ಸತ್ವವು ರಕ್ಷಣೆಯ ಕಾವಲುಗಾರರಲ್ಲಿ ಒಬ್ಬನೇ ಹೊರತು ಬೊಜ್ಜನ್ನು ಕರಗಿಸುವ ಮಂತ್ರವಲ್ಲ. ಕಾವಲುಗಾರನನ್ನು ಉಪವಾಸ ಕೆಡವುವುದು ಎಷ್ಟು ಅವಿವೇಕವೋ, ಬೆಂಕಿಗೆ ದಿನವೂ ಸೌದೆಯನ್ನು ಒಟ್ಟುತ್ತ ಅವನೊಬ್ಬನನ್ನೇ ನಂಬುವುದೂ ಅಷ್ಟೇ ಅವಿವೇಕ.

ಗೃಹಸ್ಥರು ಮಾಡತಕ್ಕುದು

ಮೊದಲನೆಯದು ಬಿಸಿಲು. ಬಿಸಿಲಿಗೆ ಬಡತನವಿಲ್ಲದ ನಮ್ಮ ದೇಶದಲ್ಲಿಯೇ ಈ ಸತ್ವಕ್ಕೆ ಬರವೆಂಬುದು ಆಶ್ಚರ್ಯವಾದರೂ ನಿಜ. 2000ದಲ್ಲಿ ಪ್ರಕಟವಾದ ದೆಹಲಿಯ ಪರೀಕ್ಷೆಯೊಂದರಲ್ಲಿ ವೈದ್ಯರಿಗೂ ದಾದಿಯರಿಗೂ ಕೂಡ ಬಹಳ ಕೊರತೆಯಿದ್ದುದು ಕಂಡಿತು. ಬಯಲಿನಲ್ಲಿ ಕವಾಯತು ಮಾಡುವ ಸೈನಿಕರ ಸ್ಥಿತಿಯು ಅವರಿಗಿಂತ ಬಹಳ ಮೇಲಾಗಿತ್ತು. ನಮ್ಮಲ್ಲಿ ಎಳೆಬಿಸಿಲೇ ಶ್ರೇಷ್ಠವೆಂಬ ನಂಬಿಕೆಯುಂಟು. ಅದು ಹಿತವಾದುದು ನಿಜ. ಆದರೆ ಸೂರ್ಯನು ಕೆಳಗಿರುವಾಗ ಬೇಕಾದ ಕಿರಣವು ಗಾಳಿಯ ಪದರಗಳಲ್ಲಿಯೇ ಸೋರಿಹೋಗಿ ನೆಲಕ್ಕೆ ಮುಟ್ಟುವುದು ಅಲ್ಪ. ನಮ್ಮ ನೆರಳು ನಮಗಿಂತ ಗಿಡ್ಡವಾಗಿರುವ ಹೊತ್ತೇ ತಕ್ಕ ಹೊತ್ತು. ವಾರದಲ್ಲಿ ಕೆಲವು ದಿನ ಅರ್ಧಗಂಟೆಯಷ್ಟು ಕಾಲ ಕೈಕಾಲುಗಳ ಮೇಲೆ ಬಿಸಿಲು ಬೀಳುವಂತೆ ಹಿತ್ತಲಿನಲ್ಲಿಯೋ ತಾರಸಿಯ ಮೇಲೆಯೋ ಕೆಲಸಮಾಡಿಕೊಂಡಿದ್ದರೆ ಅನೇಕರಿಗೆ ಸಾಕಾಗಬಹುದು. ಕಪ್ಪು ಚರ್ಮದವರಿಗೆ ಸ್ವಲ್ಪ ಹೆಚ್ಚು ಹೊತ್ತು ಬೇಕು. ಚರ್ಮವು ಉರಿಯುವವರೆಗೆ ನಿಲ್ಲಬಾರದು. ಕಿಟಕಿಯ ಗಾಜಿನ ಹಿಂದೆ ಕುಳಿತರೆ ಬೆಳಕೂ ಸೆಕೆಯೂ ಬರುವುವೇ ಹೊರತು ಆ ಕಿರಣವು ಬಾರದು.

ಎರಡನೆಯದು ಆಹಾರ. ಈ ಸತ್ವವು ಅನ್ನದಲ್ಲಿ ವಿರಳ. ಕರಾವಳಿಯವರು ತಿನ್ನುವ ಬೂತಾಯಿ, ಬಂಗುಡೆ ಮೀನುಗಳಲ್ಲಿಯೂ ಮೊಟ್ಟೆಯ ಹಳದಿಯಲ್ಲಿಯೂ ಉಂಟು. ಶಾಕಾಹಾರಿಗಳಿಗೆ ಬಿಸಿಲಿನಲ್ಲಿಟ್ಟ ಅಣಬೆ, ಸತ್ವವನ್ನು ಬೆರಸಿದ ಹಾಲು ಅಷ್ಟೇ. ಆದರೆ ಕರುಳಿನ ಬೇಲಿಯನ್ನು ಕಾಯುವ ಆಹಾರಕ್ಕೆ ನಮ್ಮ ಸೀಮೆಯಲ್ಲಿ ಕೊರತೆಯಿಲ್ಲ. ರಾಗಿಯ ಮುದ್ದೆ, ಹುರುಳಿ, ಅವರೆ, ಅಲಸಂದೆ, ಸೊಪ್ಪು, ಸಿಪ್ಪೆಸಹಿತವಾದ ಹಣ್ಣು ಇವೆಲ್ಲವೂ ಬ್ಯಾಕ್ಟೀರಿಯಗಳಿಗೆ ಒಳ್ಳೆಯ ಮೇವು. ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಮ್ ಸುಣ್ಣದ ಅಂಶವುಂಟು. ಅದನ್ನು ಹೀರಿಕೊಳ್ಳುವುದಕ್ಕೂ ಬಿಸಿಲಿನ ಸತ್ವವು ಬೇಕು. ಹೊಲದಲ್ಲಿ ದುಡಿದು ಮುದ್ದೆಯನ್ನುಂಡ ಅಜ್ಜನಿಗೆ ಎರಡೂ ಕೂಡಿಬಂದಿದ್ದುವು. ನೆರಳಿನಲ್ಲಿ ಕುಳಿತು ಬಿಳಿಯ ಅಕ್ಕಿ, ಮೈದಾ, ಸಕ್ಕರೆ, ಕರಿದ ತಿಂಡಿಗಳನ್ನು ತಿನ್ನುವ ಮೊಮ್ಮಗನಿಗೆ ಎರಡೂ ತಪ್ಪಿವೆ.

ಮೂರನೆಯದು ಅಳತೆ. ಮಿತವಾದ ಊಟ, ದಿನವೂ ಬಿರುಸಾದ ನಡಗೆ, ಸಾಕಷ್ಟು ನಿದ್ದೆ ಇವುಗಳಿಂದ ಸೊಂಟದ ಸುತ್ತಳತೆಯು ಇಳಿದಂತೆಲ್ಲ ಒಳಗಣ ಕೆಂಡವೂ ಆರುವುದು. ತೂಕವಿಳಿಸಿಕೊಂಡವರ ರಕ್ತದಲ್ಲಿ ಈ ಸತ್ವವು ತಾನಾಗಿಯೇ ಸ್ವಲ್ಪ ಏರುವುದೂ ಕಂಡುಬಂದಿದೆ.

ನಾಲ್ಕನೆಯದು ಗುಳಿಗೆಯ ವಿಷಯದಲ್ಲಿ ಎಚ್ಚರ. ಬಿಸಿಲು ಸಾಲದ ವಯಸ್ಕರಿಗೆ ದಿನಕ್ಕೆ 600 ಯೂನಿಟ್ ಬೇಕೆಂದು ನಮ್ಮ ದೇಶದ ಆಹಾರತಜ್ಞರು 2020ರಲ್ಲಿ ಗೊತ್ತುಮಾಡಿದರು. ತಾಯಿಯ ಹಾಲಿನಲ್ಲಿ ಈ ಸತ್ವವು ಅಲ್ಪವಾದುದರಿಂದ ಕೈಕೂಸುಗಳಿಗೆ ವೈದ್ಯರು ದಿನಕ್ಕೆ 400 ಯೂನಿಟ್ಟಿನ ಹನಿಯನ್ನು ಹಾಕಿಸುವರು; ಅದನ್ನು ತಪ್ಪಿಸಬಾರದು. ಆದರೆ ಅಂಗಡಿಗಳಲ್ಲಿ ದೊರೆಯುವ 60,000 ಯೂನಿಟ್ಟಿನ ಪುಡಿ ಅಥವಾ ಗುಳಿಗೆಯನ್ನು ವಾರಕ್ಕೊಮ್ಮೆಯಂತೆ ಕೆಲವು ವಾರ ಮಾತ್ರ, ಅದೂ ರಕ್ತವನ್ನು ನೋಡಿದ ವೈದ್ಯರ ಮಾತಿನಂತೆ, ತೆಗೆದುಕೊಳ್ಳತಕ್ಕುದು. "ಸತ್ವವೇ ತಾನೆ" ಎಂದು ದಿನವೂ ನುಂಗಿದರೆ, ರಕ್ತದಲ್ಲಿ ಸುಣ್ಣದ ಅಂಶವು ಮಿತಿಮೀರಿ, ವಾಂತಿ, ಮಲಬದ್ಧತೆ, ಬಾಯಾರಿಕೆ, ಮಂಕು ಇವು ತೋರಿ, ಕೊನೆಗೆ ಮೂತ್ರಪಿಂಡಗಳೇ ಕೆಡುವ ಅಪಾಯವುಂಟು. ಹೆಚ್ಚಾದ ಈ ಸತ್ವವು ನೀರಿನಲ್ಲಿ ಹರಿದು ಹೋಗದೆ ಕೊಬ್ಬಿನಲ್ಲಿ ತಿಂಗಳುಗಟ್ಟಲೆ ನಿಂತಿರುವುದರಿಂದ, ಮಾಡಿದ ತಪ್ಪನ್ನು ಬೇಗನೆ ತಿದ್ದಿಕೊಳ್ಳುವಂತೆಯೂ ಇಲ್ಲ. ಪುಡಿಯ ಪೊಟ್ಟಣದ ಮೇಲೆ "ವಾರಕ್ಕೊಂದು" ಎಂದು ದೊಡ್ಡ ಅಕ್ಷರದಲ್ಲಿ ಬರೆದಿಟ್ಟುಕೊಳ್ಳುವುದು ಮನೆಯವರ ಕರ್ತವ್ಯ.

ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯು ಮನೆಮನೆಗೂ ಗೊತ್ತಿರುವುದೇ. ಉಣ್ಣುವುದು ನಾಲಗೆಗಷ್ಟೇ ಅಲ್ಲ, ಕರುಳಿನ ಕಾವಲುಗಾರರಿಗೂ ಸೇರಬೇಕೆಂಬುದನ್ನು ಈಚಿನ ಶೋಧನೆಗಳು ಆ ಗಾದೆಗೆ ಕೂಡಿಸಿವೆ. ಈ ತಿಂಗಳಲ್ಲಿ ಒಂದು ದಿನ ಮನೆಯ ಹಿರಿಯರೂ ಕಿರಿಯರೂ ಸೇರಿ ಅಳತೆಪಟ್ಟಿಯಿಂದ ಸೊಂಟವನ್ನು ಅಳೆದು ಬರೆದಿಟ್ಟುಕೊಳ್ಳಲಿ. ಆರು ತಿಂಗಳ ಮೇಲೆ ಮತ್ತೆ ಅಳೆಯಲಿ. ಇದಕ್ಕೆ ಕಾಸಿನ ಖರ್ಚೂ ಇಲ್ಲ. ಗೆದ್ದಲು ಕಂಬವನ್ನು ಹಿಡಿದಿದೆಯೋ ಇಲ್ಲವೋ ಎಂಬುದು ಮನೆ ಕುಸಿಯುವ ಮೊದಲೇ ಗೊತ್ತಾಗುವುದು.